ಎರಡನೆಯ ವರದಿಗಾರ ಇಲ್ಲದ ಊರು

ಮಾರ್ಚ್ ತಿಂಗಳ ಮೊದಲ ವಾರ ಬಂತೆಂದರೆ ದಿನಪತ್ರಿಕೆಗಳ ಒಳಪುಟದ ಮೂಲೆಯಲ್ಲಿ ಒಂದು ಸಣ್ಣ ಚೌಕಟ್ಟು ಅಚ್ಚಾಗುತ್ತಿತ್ತು. ‘ಫಾರಂ 4’ ಎಂಬ ತಲೆಬರಹ, ಅದರ ಕೆಳಗೆ ಪ್ರಕಟಣೆಯ ಸ್ಥಳ, ಮುದ್ರಕರು, ಪ್ರಕಾಶಕರು, ಸಂಪಾದಕರು, ಕೊನೆಗೆ ಒಟ್ಟು ಬಂಡವಾಳದಲ್ಲಿ ಶೇ 1ಕ್ಕಿಂತ ಹೆಚ್ಚು ಪಾಲು ಹೊಂದಿದವರ ಹೆಸರು, ವಿಳಾಸ. 1956ರ ನಿಯಮದಂತೆ ವರ್ಷಕ್ಕೊಮ್ಮೆ ಈ ವಿವರವನ್ನು ಓದುಗರ ಮುಂದಿಡಲೇಬೇಕಿತ್ತು. ಓದುಗರು ಅದರತ್ತ ಕಣ್ಣು ಹಾಯಿಸುತ್ತಿದ್ದುದೇ ಅಪರೂಪ. ಅಕ್ಷರ ಸಣ್ಣದು, ಭಾಷೆ ಕಚೇರಿಯದು. ಆದರೆ ಸುದ್ದಿಮನೆಯಲ್ಲಿ ಕೂದಲು ಬೆಳ್ಳಗಾದವರು ಕನ್ನಡಕ ಸರಿಮಾಡಿಕೊಂಡು ಮೊದಲು ಓದುತ್ತಿದ್ದುದು ಅದನ್ನೇ. ಹೋದ ವರ್ಷ ಇದ್ದ ಹೆಸರು ಈ ವರ್ಷ ಇಲ್ಲವೆಂದರೆ, ಅಣ್ಣತಮ್ಮಂದಿರ ಹೆಸರಿದ್ದ ಕಡೆ ಎಲ್ಲೋ ದೂರದ ಪ್ರೈವೇಟ್ ಲಿಮಿಟೆಡ್ ಕಂಪನಿಯ ಹೆಸರು ಬಂದಿದೆಯೆಂದರೆ, ಊರಿನಲ್ಲಿ ಏನೋ ಬದಲಾಗಲಿದೆ ಎಂದು ಅವರಿಗೆ ತಿಳಿಯುತ್ತಿತ್ತು. ಮುಖಪುಟದಲ್ಲಿ ಅದರ ಸುಳಿವೂ ಇರುತ್ತಿರಲಿಲ್ಲ. ಪತ್ರಿಕೆಯ ಹೆಸರು, ಅಕ್ಷರವಿನ್ಯಾಸ, ಬೆಲೆ ಎಲ್ಲವೂ ಮೊದಲಿನಂತೆಯೇ.

ಈಗ ಆ ಬದಲಾವಣೆಯ ಕಾಲ ಜಿಲ್ಲೆಗಳ ಬಾಗಿಲಿಗೆ ಬಂದು ನಿಂತಿದೆ. ಎಪ್ಪತ್ತು, ಎಂಬತ್ತರ ದಶಕದಲ್ಲಿ ಮನೆ, ಜಮೀನು ಅಡವಿಟ್ಟು, ಟ್ರೆಡಲ್ ಯಂತ್ರ ಹಾಕಿ, ಮೊಳೆ ಜೋಡಿಸಿ ಜಿಲ್ಲಾ ಪತ್ರಿಕೆ ಕಟ್ಟಿದ ತಲೆಮಾರು ಹಿಂದೆ ಸರಿಯುತ್ತಿದೆ. ಮಕ್ಕಳಲ್ಲಿ ಹಲವರು ಬೇರೆ ದಾರಿ ಹಿಡಿದಿದ್ದಾರೆ. ಹೊರದೇಶದಿಂದ ಬರುವ ನ್ಯೂಸ್‌ಪ್ರಿಂಟ್ ಮೇಲೆ 2019ರಲ್ಲಿ ಶೇ 10ರ ಸುಂಕ ಬಿತ್ತು; ಮರುವರ್ಷ ಅದು ಶೇ 5ಕ್ಕೆ ಇಳಿಯಿತು, ಆದರೆ ಅಷ್ಟರಲ್ಲಿ ಕೋವಿಡ್ ಬಂದು ಜಾಹೀರಾತೇ ಇಲ್ಲವಾಯಿತು. ಬಟ್ಟೆ ಅಂಗಡಿ, ಚಿನ್ನದ ಅಂಗಡಿಗಳ ಜಾಹೀರಾತು ಫೋನಿಗೆ ಹೋದದ್ದು ಪೂರ್ತಿ ಹಿಂದಿರುಗಲಿಲ್ಲ. ವಾರ್ತಾ ಇಲಾಖೆಯ ಬಿಲ್ಲಿಗಾಗಿ ಕಾಯುವುದು ಸಣ್ಣ ಪತ್ರಿಕೆಯ ಮಾಲೀಕನ ಹಣೆಬರಹ. ಇಂಥ ಹೊತ್ತಿನಲ್ಲಿ ದೊಡ್ಡ ಸಂಸ್ಥೆಯೊಂದು ಬಂದು ‘ಸಾಲ ನಾವು ತೀರಿಸುತ್ತೇವೆ, ಹೆಸರು ನಿಮ್ಮದೇ ಇರಲಿ’ ಎಂದರೆ ಬೇಡವೆನ್ನುವವರು ಎಷ್ಟು ಜನ? ಮಾರುವವರನ್ನು ದೂರುವ ಉದ್ದೇಶ ಈ ಬರಹಕ್ಕಿಲ್ಲ. ಅವರ ಕಷ್ಟ ಬಲ್ಲವರಿಗೆ ಗೊತ್ತು. ಕೊಳ್ಳುವ ಮುನ್ನ, ಸೇರಿಸಿಕೊಳ್ಳುವ ಮುನ್ನ, ಊರಿನ ಪರವಾಗಿ ಒಂದು ಪ್ರಶ್ನೆ ಕೇಳಬೇಕಾದವರು ಯಾರು, ಅವರು ಎಲ್ಲಿದ್ದಾರೆ ಎಂಬುದಷ್ಟೇ ಇಲ್ಲಿನ ಚಿಂತೆ.

ಪತ್ರಿಕೆಗಳ ವಿಲೀನದ ಲಕ್ಷಣ ಮೊದಲು ಕಾಣಿಸಿಕೊಳ್ಳುವುದು ತೀರ ಸಣ್ಣ ಜಾಗಗಳಲ್ಲಿ. ಒಂದೇ ಜಿಲ್ಲೆಯ ಎರಡು ಪತ್ರಿಕೆಗಳಲ್ಲಿ ಒಂದೇ ಕೋನದಿಂದ ತೆಗೆದ ಒಂದೇ ಚಿತ್ರ. ಕೆಲವು ವಾರ ಕಳೆದರೆ ಒಂದೇ ವರದಿ, ಶೀರ್ಷಿಕೆ ಮಾತ್ರ ಬೇರೆ. ಇನ್ನೂ ಕೆಲವು ವಾರಕ್ಕೆ ಗ್ರಾಮ ಪಂಚಾಯಿತಿ ಅಧ್ಯಕ್ಷೆಯ ಹೆಸರಿನಲ್ಲಾದ ತಪ್ಪು ಕೂಡ ಎರಡರಲ್ಲೂ ಒಂದೇ. ತಾಲ್ಲೂಕು ಕೇಂದ್ರದಲ್ಲಿ ಬಸ್ ನಿಲ್ದಾಣದ ಎದುರಿನ ಮಹಡಿಯಲ್ಲಿದ್ದ ಕಚೇರಿಯ ಬೋರ್ಡು ಇಳಿಯುತ್ತದೆ. ಕೇಳಿದರೆ ‘ಇನ್ನು ಜಿಲ್ಲಾ ಕಚೇರಿಯಿಂದಲೇ ನೋಡಿಕೊಳ್ಳುತ್ತೇವೆ’ ಎಂಬ ಉತ್ತರ. ಅಚ್ಚು ಬೇರೆ ಜಿಲ್ಲೆಗೆ ಹೋದದ್ದರಿಂದ ಪುಟ ಮುಗಿಸುವ ಹೊತ್ತು ರಾತ್ರಿಯಿಂದ ಸಂಜೆಗೆ ಸರಿಯುತ್ತದೆ. ಕತ್ತಲಾದ ಮೇಲೆ ಮುಗಿದ ಕೆಡಿಪಿ ಸಭೆಯ ಜಟಾಪಟಿ ಮರುದಿನದ ಪತ್ರಿಕೆಗೆ ಸಿಗುವುದಿಲ್ಲ, ಅದರ ಮರುದಿನಕ್ಕೆ ಹಳಸಿರುತ್ತದೆ. ವಾಚಕರ ಪತ್ರಗಳಲ್ಲಿ ಚರಂಡಿ, ಬೀದಿದೀಪ, ಶಾಲೆ ಬಿಡುವ ಹೊತ್ತಿಗೆ ಬಾರದ ಬಸ್ಸು ಮರೆಯಾಗಿ ದೆಹಲಿಯ ರಾಜಕಾರಣ ತುಂಬಿಕೊಳ್ಳುತ್ತದೆ. ಅರೆಕಾಲಿಕ ಸುದ್ದಿಗಾರನಿಗೆ ಸುದ್ದಿಯ ಗುರಿ ಹೋಗಿ ಪುರವಣಿಯ ಜಾಹೀರಾತಿನ ಗುರಿ ಬರುತ್ತದೆ. ಯಾರ ವಿರುದ್ಧ ಬರೆಯಬೇಕೋ ಅವರ ಮುಂದೆಯೇ ಹುಟ್ಟುಹಬ್ಬದ ಶುಭಾಶಯಕ್ಕೆ ಕೈಯೊಡ್ಡಿ ನಿಲ್ಲಬೇಕಾಗುತ್ತದೆ. ಒಂದೊಂದನ್ನೇ ಬಿಡಿಸಿ ನೋಡಿದರೆ ಯಾವುದೂ ದೂರು ಕೊಡುವಷ್ಟು ದೊಡ್ಡದಲ್ಲ. ಅದಕ್ಕೇ ಯಾರೂ ದೂರು ಕೊಡುವುದಿಲ್ಲ.

ಪುರಸಭೆಯ ಸಾಮಾನ್ಯ ಸಭೆಯಲ್ಲಿ ಪತ್ರಕರ್ತರಿಗೆಂದು ಗೋಡೆಯ ಬದಿಗೆ ಹಾಕುವ ಬೆಂಚನ್ನು ಬಲ್ಲವರು ಬಲ್ಲರು. ಅಲ್ಲಿ ಇಬ್ಬರು ಕೂತಿದ್ದಾಗ ಏನಾಗುತ್ತಿತ್ತು? ಒಬ್ಬರಿಗೆ ಅಧ್ಯಕ್ಷರ ಸಲುಗೆ, ಇನ್ನೊಬ್ಬರಿಗೆ ವಿರೋಧ ಪಕ್ಷದ ಸದಸ್ಯರ ಸಲುಗೆ. ಇಬ್ಬರೂ ಸತ್ಯಹರಿಶ್ಚಂದ್ರರೇನಲ್ಲ. ಆದರೂ ಒಬ್ಬರು ‘ಕುಡಿಯುವ ನೀರಿನ ಕಾಮಗಾರಿ ಪೂರ್ಣ’ ಎಂದು ಬರೆದರೆ, ಇನ್ನೊಬ್ಬರು ಮರುದಿನ ಬೆಳಗ್ಗೆ ಆ ಬೀದಿಗೆ ಹೋಗಿ ಒಣಗಿದ ನಲ್ಲಿಯ ಚಿತ್ರ ತರುತ್ತಿದ್ದರು. ಮೊದಲಿನವರ ಸಂಪಾದಕರು ‘ನಮಗೇಕೆ ಇದು ಸಿಗಲಿಲ್ಲ’ ಎಂದು ಫೋನಿನಲ್ಲಿ ತರಾಟೆಗೆ ತೆಗೆದುಕೊಳ್ಳುತ್ತಿದ್ದರು. ಆ ಒಂದು ಬೈಗುಳದ ಭಯವೇ ಊರಿನ ಎಷ್ಟೋ ಕಡತಗಳನ್ನು ನೆಟ್ಟಗೆ ಇಟ್ಟಿತ್ತು. ಎಂಜಿನಿಯರು ಬಿಲ್ಲಿಗೆ ಸಹಿ ಹಾಕುವ ಮುನ್ನ ಎರಡು ಸಲ ಯೋಚಿಸುತ್ತಿದ್ದುದು ಒಬ್ಬ ವರದಿಗಾರನ ಪ್ರಾಮಾಣಿಕತೆಗೆ ಹೆದರಿ ಅಲ್ಲ. ಒಬ್ಬರನ್ನು ಸುಮ್ಮನಾಗಿಸಿದರೂ ಇನ್ನೊಬ್ಬರು ಇದ್ದಾರಲ್ಲ ಎಂಬ ಲೆಕ್ಕಕ್ಕೆ. ಊರಿಗೆಲ್ಲ ಒಂದೇ ತಕ್ಕಡಿಯಾದರೆ ತೂಕದ ಮೋಸ ತಿಳಿಯುವುದು ಹೇಗೆ?

ಇದನ್ನು ಊಹೆಯೆಂದು ತಳ್ಳಿಹಾಕುವವರು ಕೆನಡಾದ ಕಥೆಯನ್ನು ಒಮ್ಮೆ ಸಾವಧಾನವಾಗಿ ಓದಬೇಕು. 1980ರ ಆಗಸ್ಟ್ 27ರಂದು ಅಲ್ಲಿನ ಎರಡು ದೊಡ್ಡ ಪತ್ರಿಕಾ ಸಂಸ್ಥೆಗಳು ಒಂದೇ ದಿನ ಒಂದೊಂದು ಪತ್ರಿಕೆಯನ್ನು ಮುಚ್ಚಿದವು. ಥಾಮ್ಸನ್ ಸಂಸ್ಥೆ ‘ಒಟ್ಟಾವಾ ಜರ್ನಲ್’ ನಿಲ್ಲಿಸಿತು, ಸೌತಮ್ ಸಂಸ್ಥೆ ‘ವಿನಿಪೆಗ್ ಟ್ರಿಬ್ಯೂನ್’ ನಿಲ್ಲಿಸಿತು. ಒಟ್ಟಾವಾದಲ್ಲಿ ಸೌತಮ್‌ಗೆ, ವಿನಿಪೆಗ್‌ನಲ್ಲಿ ಥಾಮ್ಸನ್‌ಗೆ ಎದುರಾಳಿ ಇಲ್ಲವಾಯಿತು. ದೇಶ ಬೆಚ್ಚಿತು. ಟಾಮ್ ಕೆಂಟ್ ನೇತೃತ್ವದಲ್ಲಿ ಆಯೋಗ ನೇಮಕವಾಯಿತು. 1981ರಲ್ಲಿ ಅದು ಒಡೆತನಕ್ಕೆ ಮಿತಿ ಹಾಕಿ ಎಂದು ಹೇಳಿತು. ವರದಿ ಕಪಾಟು ಸೇರಿತು. ಮೂರು ದಶಕ ಕಳೆದು 2014ರ ಅಕ್ಟೋಬರ್‌ನಲ್ಲಿ ಪೋಸ್ಟ್‌ಮೀಡಿಯಾ ಕಂಪನಿಯು ಸನ್ ಮೀಡಿಯಾದ 175 ಇಂಗ್ಲಿಷ್ ಪತ್ರಿಕೆಗಳನ್ನು 31.6 ಕೋಟಿ ಡಾಲರಿಗೆ ಕೊಳ್ಳುವುದಾಗಿ ಹೇಳಿತು. ಕ್ಯಾಲ್ಗರಿ, ಎಡ್ಮಂಟನ್, ಒಟ್ಟಾವಾ ನಗರಗಳಲ್ಲಿ ಪರಸ್ಪರ ಪೈಪೋಟಿಗಿದ್ದ ಎರಡೆರಡು ದಿನಪತ್ರಿಕೆಗಳು ಒಬ್ಬನೇ ಮಾಲೀಕನ ಕೈಗೆ ಬರುತ್ತಿದ್ದವು. ಸುದ್ದಿಮನೆಗಳನ್ನು ಬೇರೆಬೇರೆಯಾಗಿಯೇ ನಡೆಸುತ್ತೇವೆ ಎಂದು ಕಂಪನಿಯ ಮುಖ್ಯಸ್ಥ ಪಾಲ್ ಗಾಡ್‌ಫ್ರಿ ಮಾತುಕೊಟ್ಟರು. 2015ರ ಮಾರ್ಚ್‌ನಲ್ಲಿ ಅಲ್ಲಿನ ಸ್ಪರ್ಧಾ ನಿಯಂತ್ರಕರು ಒಪ್ಪಿಗೆ ಕೊಟ್ಟರು. ಅವರು ಕೊಟ್ಟ ಕಾರಣಗಳನ್ನು ಗಮನಿಸಬೇಕು: ಈ ಎರಡು ಬಗೆಯ ಪತ್ರಿಕೆಗಳು ಅಷ್ಟೇನೂ ನೇರ ಎದುರಾಳಿಗಳಲ್ಲ, ಉಚಿತವಾಗಿ ಹಂಚುವ ದಿನಪತ್ರಿಕೆಗಳ ಪೈಪೋಟಿ ಇದೆ, ಅಂತರ್ಜಾಲದ ಪೈಪೋಟಿ ಬೆಳೆಯುತ್ತಿದೆ, ಜಾಹೀರಾತು ಉಳಿಸಿಕೊಳ್ಳಬೇಕಾದ್ದರಿಂದ ಪತ್ರಿಕೆಯ ಗುಣಮಟ್ಟವನ್ನೂ ಕಂಪನಿ ಉಳಿಸಿಕೊಳ್ಳುತ್ತದೆ.

ವರ್ಷ ತುಂಬುವ ಮೊದಲೇ, 2016ರ ಜನವರಿಯಲ್ಲಿ, ಆ ಮೂರು ನಗರಗಳ ಜತೆಗೆ ವ್ಯಾಂಕೂವರಿನ ಸುದ್ದಿಮನೆಗಳೂ ಒಂದಾದವು. ಸುಮಾರು 90 ಜನ ಕೆಲಸ ಕಳೆದುಕೊಂಡರು. ಎರಡು ಪತ್ರಿಕೆ, ಒಂದೇ ವರದಿಗಾರ ಪಡೆ. ಕೊಟ್ಟ ಮಾತು ಒಪ್ಪಿಗೆ ಪತ್ರದಲ್ಲಿ ಷರತ್ತಾಗಿ ಇರಲಿಲ್ಲ. ಮುರಿದರೆ ಕೇಳುವವರೂ ಇರಲಿಲ್ಲ. 2017ರ ನವೆಂಬರ್ 27ರಂದು ಪೋಸ್ಟ್‌ಮೀಡಿಯಾ ಮತ್ತು ಟೋರ್‌ಸ್ಟಾರ್ ಕಂಪನಿಗಳು ಒಟ್ಟು 41 ಪತ್ರಿಕೆಗಳನ್ನು ಅದಲುಬದಲು ಮಾಡಿಕೊಂಡವು, ಹೆಚ್ಚಿನವನ್ನು ಕೂಡಲೇ ಮುಚ್ಚಿದವು. ಸುಮಾರು 290 ಜನರ ಕೆಲಸ ಹೋಯಿತು. ಒಂಟಾರಿಯೊದ ಬ್ಯಾರಿ ಪಟ್ಟಣದ ‘ಎಕ್ಸಾಮಿನರ್’ 1864ರಿಂದ ಬರುತ್ತಿದ್ದ ಪತ್ರಿಕೆ. ಅದು ಅದೇ ದಿನ ನಿಂತಿತು. ಯಾವ ಉಚಿತ ದಿನಪತ್ರಿಕೆಗಳ ಪೈಪೋಟಿ ಇದೆಯೆಂದು ನಿಯಂತ್ರಕರು 2015ರಲ್ಲಿ ನೆಮ್ಮದಿಪಟ್ಟಿದ್ದರೋ ಅಂಥ ನಾಲ್ಕು ಪತ್ರಿಕೆಗಳೂ ಈ ಪಟ್ಟಿಯಲ್ಲಿದ್ದವು. ಈ ಅದಲುಬದಲಿಗೆ ಸರಕಾರದ ಅನುಮತಿ ಬೇಕಿರಲಿಲ್ಲ. ವ್ಯವಹಾರದ ಗಾತ್ರ ಕಾನೂನಿನ ಮಿತಿಗಿಂತ ಚಿಕ್ಕದು, ಆದ್ದರಿಂದ ಮೊದಲೇ ತಿಳಿಸುವ ಅಗತ್ಯವೇ ಇಲ್ಲ ಎಂದು ಕಂಪನಿಗಳು ಹೇಳಿಕೆಯಲ್ಲೇ ಬರೆದಿದ್ದವು. ಮರುವರ್ಷ ಅಧಿಕಾರಿಗಳು ಕಂಪನಿಗಳ ಕಚೇರಿ ಶೋಧಿಸಿದರು. 2021ರ ಜನವರಿಯಲ್ಲಿ ಆರೋಪ ಹೊರಿಸದೆ ತನಿಖೆ ಮುಗಿಸಿದರು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎಂಬ ನಮ್ಮ ಗಾದೆಗೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

ಈಗ ನಮ್ಮ ಕಾನೂನಿಗೆ ಬರೋಣ. ಏಕಸ್ವಾಮ್ಯ ತಡೆಯಲೆಂದೇ ಇದ್ದ ಎಂಆರ್‌ಟಿಪಿ ಕಾಯ್ದೆಯಿಂದ ವಿಲೀನಕ್ಕೆ ಪೂರ್ವಾನುಮತಿ ಪಡೆಯುವ ವಿಧಿಗಳನ್ನು 1991ರಲ್ಲಿ ತೆಗೆದುಹಾಕಲಾಯಿತು. ಹೊಸ ಸ್ಪರ್ಧಾ ಕಾಯ್ದೆ 2002ರದ್ದಾದರೂ ವಿಲೀನಗಳನ್ನು ಪರಿಶೀಲಿಸುವ ಅದರ ವಿಧಿಗಳು ಜಾರಿಗೆ ಬಂದದ್ದು 2011ರ ಜೂನ್ 1ರಂದು. ನಡುವಿನ ಇಪ್ಪತ್ತು ವರ್ಷ ಬಾಗಿಲಿಗೆ ಕಾವಲುಗಾರನೇ ಇರಲಿಲ್ಲ. ಆ ಅವಧಿಯಲ್ಲೇ ಕನ್ನಡ ಪತ್ರಿಕೋದ್ಯಮದ ಅತಿ ದೊಡ್ಡ ಕೈಬದಲು ನಡೆಯಿತು. 1999ರಲ್ಲಿ ವಿಜಯ ಸಂಕೇಶ್ವರ ಆರಂಭಿಸಿ, ದರ ಸಮರ ಹೂಡಿ, ಕೆಲವೇ ವರ್ಷಗಳಲ್ಲಿ ಪ್ರಸಾರದಲ್ಲಿ ಮುಂಚೂಣಿಗೆ ತಂದ ‘ವಿಜಯ ಕರ್ನಾಟಕ’ 2006ರಲ್ಲಿ ಬೆನೆಟ್ ಕೋಲ್ಮನ್ ಕಂಪನಿಯ ಪಾಲಾಯಿತು. ಆ ಪತ್ರಿಕೆ ಉಳಿದಿದೆ, ಅದಕ್ಕೆ ತನ್ನದೇ ಓದುಗ ಬಳಗವಿದೆ. ಅದರ ಜತೆಗೇ ಕೈಬದಲಾದ ‘ಉಷಾಕಿರಣ’ ಮತ್ತು ‘ವಿಜಯ್ ಟೈಮ್ಸ್’ ಇಂದು ಇಲ್ಲ. ಈ ವ್ಯವಹಾರ ತಪ್ಪೋ ಸರಿಯೋ ಎಂಬ ತೀರ್ಪು ಇಲ್ಲಿ ಬೇಕಾಗಿಲ್ಲ. ಲಕ್ಷಾಂತರ ಕನ್ನಡ ಓದುಗರ ಪತ್ರಿಕೆ ಕೈಬದಲಾಗುವಾಗ ಅವರ ಪರವಾಗಿ ವಿಚಾರಿಸುವ ಒಂದು ಮೇಜೂ ದೇಶದಲ್ಲಿ ಇರಲಿಲ್ಲ ಎಂಬುದನ್ನು ಅಂದು ಎಷ್ಟು ಜನ ಗಮನಿಸಿದರು?

ಇಂದು ಮೇಜು ಇದೆ. ಆದರೆ ಜಿಲ್ಲಾ ಪತ್ರಿಕೆ ಅದರ ಮುಂದೆ ಬರುವುದೇ ಇಲ್ಲ. 2024ರಲ್ಲಿ ಏರಿಸಿದ ಮಿತಿಯಂತೆ, ಕೊಳ್ಳಲಾಗುವ ಕಂಪನಿಯ ದೇಶದೊಳಗಿನ ಆಸ್ತಿ 450 ಕೋಟಿ ರೂಪಾಯಿ ಮೀರಿರದಿದ್ದರೆ, ಅಥವಾ ವಹಿವಾಟು 1,250 ಕೋಟಿ ರೂಪಾಯಿ ಮೀರಿರದಿದ್ದರೆ, ಸ್ಪರ್ಧಾ ಆಯೋಗಕ್ಕೆ ತಿಳಿಸಬೇಕಾಗಿಲ್ಲ. ಇದಕ್ಕೆ ಅಪವಾದವೆಂದರೆ 2,000 ಕೋಟಿ ದಾಟಿದ ವ್ಯವಹಾರಗಳು. ಯಾವ ಜಿಲ್ಲಾ ದಿನಪತ್ರಿಕೆಗೆ 450 ಕೋಟಿಯ ಆಸ್ತಿ ಇದೆ? ಉಕ್ಕು, ಸಿಮೆಂಟು ಕಾರ್ಖಾನೆಗೆ ಹೊಲಿಸಿದ ಅಳತೆಯ ಅಂಗಿಯನ್ನು ಊರಿನ ಪತ್ರಿಕೆಗೂ ತೊಡಿಸಿದ್ದೇವೆ. ಕೆನಡಾದಲ್ಲಿ 2017ರ ಅದಲುಬದಲು ನುಸುಳಿದ ಕಿಂಡಿ ಇದೇ. ನಮ್ಮಲ್ಲಿ ಅದು ಇನ್ನೂ ಅಗಲವಾಗಿದೆ. ಪತ್ರಿಕೆಗಳ ನೋಂದಣಿಯ ಹೊಸ ಕಾಯ್ದೆ 2024ರ ಮಾರ್ಚ್ 1ರಿಂದ ಜಾರಿಯಲ್ಲಿದೆ, ನಿಜ. ಶೀರ್ಷಿಕೆ ಯಾರದು, ಪ್ರಕಾಶಕರು ಯಾರು ಎಂಬುದು ಅಲ್ಲಿ ದಾಖಲಾಗುತ್ತದೆ. ಒಂದೇ ಜಿಲ್ಲೆಯ ಮೂರು ಪತ್ರಿಕೆ ಒಬ್ಬನದೇ ಆದರೆ ತಡೆಯುವ ಕೆಲಸ ಆ ಕಚೇರಿಯದಲ್ಲ.

ಆಯೋಗ ಪ್ರಶ್ನೆ ಕೇಳುವ ಕಡೆಯೂ ಆ ಪ್ರಶ್ನೆ ಜಾಹೀರಾತಿನ ಸುತ್ತಲೇ ತಿರುಗುತ್ತದೆ. 2024ರ ಆಗಸ್ಟ್‌ನಲ್ಲಿ ರಿಲಯನ್ಸ್ ಮತ್ತು ಡಿಸ್ನಿಯ ಮನರಂಜನಾ ವಾಹಿನಿಗಳ ವಿಲೀನಕ್ಕೆ ಸ್ಪರ್ಧಾ ಆಯೋಗ ಷರತ್ತಿನ ಒಪ್ಪಿಗೆ ನೀಡಿದಾಗ ಹೆಚ್ಚು ಚರ್ಚೆಯಾದದ್ದು ಕ್ರಿಕೆಟ್ ಪ್ರಸಾರದ ಜಾಹೀರಾತು ದರ. ಸ್ಪರ್ಧಾ ಕಾನೂನಿಗೆ ಕಾಣುವ ಗ್ರಾಹಕ ಜಾಹೀರಾತು ಕೊಡುವವನು. ಪುರಸಭೆಯ ಬೆಂಚಿನಲ್ಲಿ ಎರಡನೆಯವನು ಇಲ್ಲವಾದರೆ ನಷ್ಟವಾಗುವುದು ಓದುಗನಿಗೆ. ಆ ನಷ್ಟಕ್ಕೆ ದರಪಟ್ಟಿ ಇಲ್ಲ.

ಇಷ್ಟು ಹೇಳಿದರೂ ಸಮಾಧಾನದ ಮಾತುಗಳು ತಯಾರಾಗಿಯೇ ಇರುತ್ತವೆ. ‘ಮೊಬೈಲಿನಲ್ಲಿ ಎಲ್ಲ ಬರುತ್ತದಲ್ಲ’ ಎನ್ನುತ್ತಾರೆ. ಬರುತ್ತದೆ, ಸಭೆಗೆ ಹೋಗಿ, ನಡವಳಿ ಪುಸ್ತಕ ಕೇಳಿ, ಮಾಹಿತಿ ಹಕ್ಕಿನ ಅರ್ಜಿ ಹಾಕಿ, ತಿಂಗಳು ಕಾದು ಬರೆದವರು ಯಾರೋ ಇದ್ದರೆ ಮಾತ್ರ ಬರುತ್ತದೆ. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹರಿದಾಡುವ ಊರ ಸುದ್ದಿಯ ಬೇರು ಹುಡುಕಿದರೆ ಬಹಳ ಸಲ ಸಿಗುವುದು ಯಾವುದೋ ಪತ್ರಿಕೆಯ ತುಣುಕಿನ ಫೋಟೊ.

‘ವಿಲೀನ ಆಗದಿದ್ದರೆ ಎರಡೂ ಸಾಯುತ್ತವೆ’ ಎಂಬುದು ಇದಕ್ಕಿಂತ ಗಟ್ಟಿ ವಾದ, ಅದಕ್ಕೆ ಉತ್ತರಿಸಲೇಬೇಕು. ಇಂಗ್ಲೆಂಡಿನ ಕೆಂಟ್ ಪ್ರಾಂತ್ಯದಲ್ಲಿ 2011ರಲ್ಲಿ ಸ್ಥಳೀಯ ಸಂಸ್ಥೆಯೊಂದು ನಾರ್ತ್‌ಕ್ಲಿಫ್ ಕಂಪನಿಯ ಏಳು ಪತ್ರಿಕೆ ಕೊಳ್ಳಲು ಹೊರಟಿತ್ತು. ವ್ಯವಹಾರವನ್ನು ದೀರ್ಘ ವಿಚಾರಣೆಗೆ ಒಪ್ಪಿಸಲಾಯಿತು; ವೆಚ್ಚಕ್ಕೆ ಹೆದರಿ ಕೊಳ್ಳುವವರು ಹಿಂದೆ ಸರಿದರು; ಎರಡು ಪತ್ರಿಕೆ ಮುಚ್ಚಿದವು. ತಡೆಯುವುದರಿಂದಲೂ ಹಾನಿಯಾದೀತು, ಇಲ್ಲವೆನ್ನಲಾಗದು. ಅದೇ ಹೊತ್ತಿಗೆ ನ್ಯೂಜಿಲೆಂಡನ್ನೂ ನೋಡಬೇಕು. ಅಲ್ಲಿನ ಎರಡು ದೊಡ್ಡ ಪತ್ರಿಕಾ ಸಂಸ್ಥೆಗಳು ಒಂದಾಗಲು ಅನುಮತಿ ಕೇಳಿದವು. ಒಪ್ಪಿದರೆ ದೇಶದ ದಿನಪತ್ರಿಕೆ ಪ್ರಸಾರದ ಸುಮಾರು ಶೇ 90 ಒಬ್ಬರ ಕೈಗೆ ಹೋಗುತ್ತಿತ್ತು. 2017ರ ಮೇ 3ರಂದು ವಾಣಿಜ್ಯ ಆಯೋಗ ಅನುಮತಿ ನಿರಾಕರಿಸಿತು. ದನಿಗಳ ವೈವಿಧ್ಯ ಕಡಿಮೆಯಾಗುವುದೇ ದೊಡ್ಡ ನಷ್ಟ, ಹಣದ ಉಳಿತಾಯ ಅದನ್ನು ತುಂಬಿಕೊಡದು ಎಂಬುದು ಅದರ ತರ್ಕ. 2018ರಲ್ಲಿ ಮೇಲ್ಮನವಿ ನ್ಯಾಯಾಲಯವೂ ಅದನ್ನೇ ಎತ್ತಿಹಿಡಿಯಿತು. ‘ಇನ್ನು ಉಳಿಗಾಲವಿಲ್ಲ’ ಎಂದವರೇ ಹೆಚ್ಚು. ಆ ಎರಡು ಸಂಸ್ಥೆಗಳಲ್ಲೊಂದಾದ ‘ಸ್ಟಫ್’ ಹಲವು ಸಣ್ಣ ಪತ್ರಿಕೆಗಳನ್ನು ಕಳೆದುಕೊಂಡಿತು, ಸೊರಗಿತು. 2020ರಲ್ಲಿ ಅದರ ಮುಖ್ಯಸ್ಥೆ ಸಿನೇಡ್ ಬೌಚರ್ ಸಂಸ್ಥೆಯನ್ನು 1 ಡಾಲರಿಗೆ ಕೊಂಡುಕೊಂಡರು. ಸಂಸ್ಥೆ ಬದುಕಿತು. ಸಾಯುತ್ತೇವೆ ಎಂಬ ಪ್ರತಿ ಅರ್ಜಿಯೂ ಮರಣಪತ್ರವಲ್ಲ. ಲೆಕ್ಕಪುಸ್ತಕ ತೆರೆದು ನೋಡಬೇಕು, ಬೇಗ ನೋಡಿ ಮುಗಿಸಬೇಕು.

ಸರಕಾರದ ಕೈಗೆ ಅನುಮತಿಯ ಕೀಲಿಕೈ ಕೊಡುವುದಕ್ಕೆ ಹೆದರುವವರೂ ಇದ್ದಾರೆ. ಆ ಹೆದರಿಕೆಗೆ ತಲೆಬಾಗಬೇಕು. 1976ರ ಫೆಬ್ರುವರಿಯಲ್ಲಿ, ತುರ್ತು ಪರಿಸ್ಥಿತಿಯ ನಡುವೆ, ಪಿಟಿಐ, ಯುಎನ್‌ಐ, ಹಿಂದುಸ್ಥಾನ್ ಸಮಾಚಾರ್, ಸಮಾಚಾರ್ ಭಾರತಿ ಎಂಬ ನಾಲ್ಕು ಸುದ್ದಿಸಂಸ್ಥೆಗಳನ್ನು ಒತ್ತಡ ಹೇರಿ ‘ಸಮಾಚಾರ್’ ಎಂಬ ಒಂದೇ ಹೆಸರಿನಡಿ ತರಲಾಯಿತು. ಟೆಲಿಪ್ರಿಂಟರಿನಲ್ಲಿ ಒಂದೇ ಪದಗಳು, ಒಂದೇ ಧಾಟಿ. ದೇಶದ ಎಲ್ಲ ಪತ್ರಿಕೆಗಳಿಗೂ ಹರಿದದ್ದು ಅದೇ ಸುದ್ದಿ. 1978ರಲ್ಲಿ ಆ ನಾಲ್ಕೂ ಮತ್ತೆ ಬೇರೆಯಾದವು. ಆ ಹೊತ್ತನ್ನು ಕಂಡವರಿಗೆ ಒಂದೇ ಮೂಲದಿಂದ ಸುದ್ದಿ ಬರುವುದೆಂದರೇನು ಎಂದು ಯಾರೂ ವಿವರಿಸಬೇಕಾಗಿಲ್ಲ. ಪತ್ರಿಕೆಯ ಬೆಲೆ ಮತ್ತು ಪುಟಗಳ ಮೇಲೆ ಸರಕಾರ ತಂದಿದ್ದ 1956ರ ಕಾಯ್ದೆಯನ್ನು ಸಕಾಳ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ರದ್ದು ಮಾಡಿದ್ದು ಇಂಥ ಭಯದಿಂದಲೇ. ಆದ್ದರಿಂದ ತೀರ್ಮಾನ ಮಂತ್ರಿಯ ಮೇಜಿನಲ್ಲಿ ಆಗಬಾರದು. ಹಾಗೆಂದು ತೀರ್ಮಾನವೇ ಆಗಬಾರದು ಎಂದರೆ, ಹೆಚ್ಚು ದುಡ್ಡಿದ್ದವನೇ ತೀರ್ಮಾನಿಸುತ್ತಾನೆ.

ದಾರಿ ಇಲ್ಲವೆಂದೇನಲ್ಲ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ (ಟ್ರಾಯ್) 2009ರಲ್ಲಿ ಒಮ್ಮೆ, 2014ರ ಆಗಸ್ಟ್ 12ರಂದು ಮತ್ತೊಮ್ಮೆ ಮಾಧ್ಯಮ ಒಡೆತನದ ಬಗ್ಗೆ ಶಿಫಾರಸು ಕೊಟ್ಟಿತು. ಭಾಷೆ ಮತ್ತು ರಾಜ್ಯವಾರು ಮಾರುಕಟ್ಟೆಯನ್ನು ಅಳೆಯಿರಿ, ಪತ್ರಿಕೆ ಮತ್ತು ಟಿ.ವಿ. ಎರಡರಲ್ಲೂ ಒಬ್ಬರೇ ಮಿತಿ ಮೀರಿ ಬೆಳೆದರೆ ತಡೆಯಿರಿ, ಸ್ವತಂತ್ರ ನಿಯಂತ್ರಕರನ್ನು ನೇಮಿಸಿ ಎಂದಿತು. 2022ರಲ್ಲಿ ಅದೇ ವಿಷಯಕ್ಕೆ ಮತ್ತೆ ಅಭಿಪ್ರಾಯ ಕೇಳಿತು. ಕೆನಡಾದ 1981ರ ವರದಿಯ ಗತಿಯೇ ಇದಕ್ಕೂ ಬಂದಿದೆ. ಟ್ರಾಯ್ ಅಳತೆಯಲ್ಲೂ ಒಂದು ಕೊರತೆ ಇದೆ. ಇಡೀ ಕರ್ನಾಟಕವನ್ನು ಒಂದೇ ಮಾರುಕಟ್ಟೆಯೆಂದು ಎಣಿಸಿದರೆ, ಒಂದು ಜಿಲ್ಲೆಯನ್ನು ಪೂರ್ತಿ ಆವರಿಸಿದ ಸಂಸ್ಥೆಯೂ ರಾಜ್ಯದ ಲೆಕ್ಕದಲ್ಲಿ ಸಾಸಿವೆಯಷ್ಟು ಕಾಣುತ್ತದೆ. ಪತ್ರಿಕೆಯ ವಿಷಯದಲ್ಲಿ ಓದುಗನ ಮಾರುಕಟ್ಟೆ ಅವನ ಜಿಲ್ಲೆ.

ಸುಮ್ಮನಿದ್ದರೆ ಏನಾಗುತ್ತದೆ? ಅಮೆರಿಕದ ಲಾಸ್ ಏಂಜಲೀಸ್ ಪಕ್ಕದ ಬೆಲ್ ಎಂಬ ಸಣ್ಣ ಪಟ್ಟಣದ ಉದಾಹರಣೆ ಸಾಕು. ಬಡವರೇ ಹೆಚ್ಚಿರುವ ಊರು. ಅದಕ್ಕೆಂದೇ ಕಾಯುವ ವರದಿಗಾರ ನಗರಸಭೆಯಲ್ಲಿ ಇರಲಿಲ್ಲ. ಅಲ್ಲಿನ ಆಡಳಿತಾಧಿಕಾರಿ ರಾಬರ್ಟ್ ರಿಜ್ಜೊ ವರ್ಷಕ್ಕೆ ಸುಮಾರು 8 ಲಕ್ಷ ಡಾಲರ್ ಸಂಬಳ ಪಡೆಯುತ್ತಿದ್ದರು. ದೇಶದ ಅಧ್ಯಕ್ಷರ ವೇತನದ ಎರಡು ಪಟ್ಟು. 2010ರಲ್ಲಿ ‘ಲಾಸ್ ಏಂಜಲೀಸ್ ಟೈಮ್ಸ್’ ಪತ್ರಕರ್ತರು ಅಲ್ಲಿಗೆ ಹೋಗಿ ಕಡತ ಕೇಳುವವರೆಗೆ ಜನರಿಗೆ ಗೊತ್ತಿರಲಿಲ್ಲ. ಮುಂದೆ ರಿಜ್ಜೊ 12 ವರ್ಷದ ಶಿಕ್ಷೆಗೆ ಗುರಿಯಾದರು. ಬೆಲ್‌ಗೆ ದೊಡ್ಡ ಪತ್ರಿಕೆಯೊಂದು ಪಕ್ಕದಲ್ಲೇ ಇತ್ತು. ಸುರಪುರಕ್ಕೆ, ಹೊಸದುರ್ಗಕ್ಕೆ, ಕೊಳ್ಳೇಗಾಲಕ್ಕೆ ಯಾರು ಬರುತ್ತಾರೆ?

ಮಾಡಬೇಕಾದದ್ದು ಕಷ್ಟದ್ದಲ್ಲ. ನೋಂದಾಯಿತ ಸುದ್ದಿಪತ್ರಿಕೆಗಳಿಗೆ ಗಾತ್ರದ ವಿನಾಯಿತಿ ಅನ್ವಯಿಸದಂತೆ ಕೇಂದ್ರ ಸರಕಾರ ಅಧಿಸೂಚನೆ ಹೊರಡಿಸಲಿ. ಒಂದೇ ಜಿಲ್ಲೆಯಲ್ಲಿ ಎರಡನೆಯ ಪತ್ರಿಕೆ ಕೊಳ್ಳುವವರು ಮೊದಲೇ ಅರ್ಜಿ ಹಾಕಲಿ.

ವಿಚಾರಣೆ ಆ ಜಿಲ್ಲೆಯಲ್ಲೇ, ಬಹಿರಂಗವಾಗಿ ನಡೆಯಲಿ. ಕೆಂಟ್‌ನಲ್ಲಿ ಆದಂತೆ ಎಳೆದಾಡದೆ ನಿಗದಿತ ದಿನದೊಳಗೆ ಮುಗಿಯಲಿ. ಕಾರಣ ಬರೆದ ಆದೇಶ ಬರಲಿ, ಅದರ ವಿರುದ್ಧ ಮೇಲ್ಮನವಿಗೆ ದಾರಿ ಇರಲಿ.

ಸುದ್ದಿಮನೆ ಬೇರೆಯಾಗಿಯೇ ಇರುತ್ತದೆ ಎಂದು ಕೊಳ್ಳುವವರು ಹೇಳಿದರೆ ಅದನ್ನು ಷರತ್ತಾಗಿ ಬರೆಸಿಕೊಳ್ಳಿ. ತಾಲ್ಲೂಕಿಗೊಬ್ಬ ವರದಿಗಾರ ಎಂಬುದನ್ನೂ ಬರೆಸಿಕೊಳ್ಳಿ. ಮುರಿದರೆ ದಂಡ ಹಾಕಿ.

ರಾಜ್ಯ ಸರಕಾರ ಇವತ್ತೇ ಮಾಡಬಹುದಾದದ್ದೂ ಒಂದಿದೆ: ಸಣ್ಣ ಪತ್ರಿಕೆಗಳ ಜಾಹೀರಾತು ಬಿಲ್ಲನ್ನು ಹೊತ್ತಿಗೆ ಸರಿಯಾಗಿ ಪಾವತಿಸುವುದು. ಮಾರುವ ಅನಿವಾರ್ಯತೆ ಅಲ್ಲೇ ಅರ್ಧ ತಗ್ಗುತ್ತದೆ. ಹುಬ್ಬಳ್ಳಿಯ ಲೋಕಶಿಕ್ಷಣ ಟ್ರಸ್ಟ್ ದಶಕಗಳಿಂದ ‘ಸಂಯುಕ್ತ ಕರ್ನಾಟಕ’ ನಡೆಸಿಕೊಂಡು ಬಂದಿದೆ. ಟ್ರಸ್ಟಿನ ಒಡೆತನದಲ್ಲೂ ಪತ್ರಿಕೆ ನಿಲ್ಲಬಲ್ಲದು ಎಂಬುದಕ್ಕೆ ನಮ್ಮಲ್ಲೇ ಮಾದರಿ ಇದೆ.

ಓದುಗರಲ್ಲಿ ಒಂದು ವಿನಂತಿ. ನಿಮ್ಮ ಜಿಲ್ಲೆಯ ಎರಡು ಪತ್ರಿಕೆಗಳನ್ನು ಒಂದು ವಾರ ಪಕ್ಕಪಕ್ಕ ಇಟ್ಟು ಓದಿ. ಒಂದೇ ವರದಿ, ಒಂದೇ ತಪ್ಪು ಕಂಡರೆ ಎರಡೂ ಕಚೇರಿಗೆ ಪತ್ರ ಬರೆದು ಮಾಲೀಕರು ಯಾರೆಂದು ಕೇಳಿ. ಮುಂದಿನ ಸಂಸತ್ ಅಧಿವೇಶನಕ್ಕೆ ಮೊದಲು ನಿಮ್ಮ ಸಂಸದರಿಗೂ ಒಂದು ಪತ್ರ ಹಾಕಿ: 2014ರ ಟ್ರಾಯ್ ಶಿಫಾರಸಿನ ಮೇಲೆ ಸರಕಾರ ಏನು ಮಾಡಿದೆ ಎಂದು ಸದನದಲ್ಲಿ ಕೇಳಲಿ, ಸಿಕ್ಕ ಉತ್ತರವನ್ನು ಊರಿಗೆ ಬಂದು ಹೇಳಲಿ.